ಐದೂವರೆ ಎಚ್‌ಪಿಗೆ ಎಷ್ಟು ದಪ್ಪದ ವೈರು?

ಮದ್ದೂರಿನಲ್ಲಿ ನನ್ನಷ್ಟು ಚಿಕ್ಕ ವಯಸ್ಸಿಗೆ ನಿವೃತ್ತನಾದವನು ಇನ್ನೊಬ್ಬನಿಲ್ಲ. ನನಗೀಗ ಮೂವತ್ತಮೂರು. ಸರ್ಕಾರಿ ನೌಕರರು ನಿವೃತ್ತರಾದರೆ ಹಾರ, ಶಾಲು, ಹಣ್ಣಿನ ಬುಟ್ಟಿ ಸಿಗುತ್ತದೆ. ನನಗೆ ಡಾಕ್ಟರು ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಬೆಲ್ಟು ಕೊಟ್ಟರು. "ಇನ್ನೊಂದು ಸಲ ಬಾನೆಟ್ಟಿನೊಳಗೆ ಬಗ್ಗಿದರೆ ಹಾಗೇ ಇರ್ತೀಯ, ಮೇಲೆ ಎತ್ತೋಕೆ ಜಾಕ್ ಹಾಕಬೇಕಾಗುತ್ತೆ" ಎಂದರು. ಅಲ್ಲಿಗೆ ನನ್ನ ಆಟೋ ಎಲೆಕ್ಟ್ರೀಷಿಯನ್ ಬದುಕು ಮುಗಿಯಿತು. ಈಗ ಮಳವಳ್ಳಿ ಹತ್ತಿರ ಹೆಂಡತಿಯ ಊರಿನಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೇನೆ. ಹುಳುಗಳಿಗೆ ವೈರಿಂಗ್ ಇರುವುದಿಲ್ಲ, ಅದೊಂದು ನೆಮ್ಮದಿ. ಇದ್ದಿದ್ದರೆ ಅವೂ ಇಷ್ಟರಲ್ಲಿ ಹೊಗೆ ಬಿಡುತ್ತಿದ್ದವು.

ಗಾಡಿ ವೈರಿಂಗ್ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಬುದ್ಧಿ ಹೇಳುವಷ್ಟು ದೊಡ್ಡವನಲ್ಲ. ಆದರೆ ಯಾವ ಯಾವ ತಪ್ಪುಗಳನ್ನು ಆಗಲೇ ಮಾಡಿ ಮುಗಿಸಲಾಗಿದೆ ಎಂದು ತಿಳಿದಿದ್ದರೆ ನೀವು ಹೊಸ ತಪ್ಪುಗಳನ್ನು ಮಾಡಬಹುದು. ಹಳೆಯವೆಲ್ಲ ನನ್ನವು.

ನಮ್ಮದು ಹಳೇ ಹೆದ್ದಾರಿಯ ಪಕ್ಕದ ಅಂಗಡಿ. ಮಾಲೀಕ ಬೋರಣ್ಣ, ನನ್ನ ಗುರು. ಗಂಟಲು ಎಷ್ಟು ದೊಡ್ಡದೆಂದರೆ, ಅವನು ಅಂಗಡಿಯೊಳಗೆ ನನ್ನನ್ನು ಬೈದರೆ ಬಸ್‌ ಸ್ಟ್ಯಾಂಡಿನಲ್ಲಿ ಕೂತವರು ನನ್ನ ತಪ್ಪು ಏನೆಂದು ತಿಳಿದುಕೊಳ್ಳುತ್ತಿದ್ದರು. ಸೇರಿದ ಹೊಸದರಲ್ಲಿ ಒಂದು ಹಾಲಿನ ವ್ಯಾನಿಗೆ ಹಾರನ್ ಸರಿಮಾಡಲು ಹೇಳಿದ. ನಾನು ಎಷ್ಟು ಚೆನ್ನಾಗಿ ಸರಿಮಾಡಿದೆನೆಂದರೆ ಬ್ರೇಕ್ ಒತ್ತಿದಾಗಲೆಲ್ಲ ಹಾರನ್ ಹೊಡೆಯತೊಡಗಿತು. ಡ್ರೈವರು ಕೊತ್ತತ್ತಿಯಿಂದ ಮಂಡ್ಯಕ್ಕೆ ಹೋಗುವಷ್ಟರಲ್ಲಿ ಪ್ರತಿ ಉಬ್ಬಿನಲ್ಲೂ, ಪ್ರತಿ ಎಮ್ಮೆಗೂ ಸಲಾಮು ಹೊಡೆದುಕೊಂಡು ಹೋದ. ವಾಪಸು ಬಂದವನು ಇಳಿಯಲೇ ಇಲ್ಲ, ಅಂಗಡಿ ಮುಂದೆ ನಿಂತು ಬ್ರೇಕ್ ಒತ್ತಿ ಹಿಡಿದ. ಬೋರಣ್ಣ ಹೊರಗೆ ಬಂದು ಕೇಳಿದ: "ಲೇ ಮಾದ, ಹಾರನ್ ರಿಪೇರಿ ಮಾಡು ಅಂದ್ರೆ ಮದ್ವೆ ಓಲಗ ಕಟ್ಟಿ ಕಳಿಸಿದ್ದೀಯಲ್ಲಾ?"

ಆಗ ಅಂಗಡಿಯಲ್ಲಿ ಇದ್ದದ್ದು ಒಂದು ಟೆಸ್ಟ್ ಲ್ಯಾಂಪು ಮತ್ತು ಬೋರಣ್ಣನ ಬಲಗೈ. ಲ್ಯಾಂಪು ಹತ್ತಿದರೆ ಕರೆಂಟು ಇದೆ. ವೈರನ್ನು ಬೋರಣ್ಣ ಮುಂಗೈಯಿಂದ ಮುಟ್ಟುತ್ತಾನೆ, ಕೈ ಅಲ್ಲೇ ನಿಂತರೆ ವೈರು ಸರಿ, ಬಿಸಿಗೆ ಕೈ ಹಾರಿದರೆ ವೈರು ಸಣ್ಣದು. ಆಮೇಲೆ ಮೀಟರು ಬಂತು, ಅದಾದ ಮೇಲೆ ಕಾರಿಗೆ ಲ್ಯಾಪ್‌ಟಾಪ್ ಚುಚ್ಚುವ ಕಾಲ ಬಂತು. ಆದರೂ ಬೋರಣ್ಣ ಕೆಲಸ ಮುಗಿದ ಮೇಲೆ ಒಂದು ಸಲ ಮುಟ್ಟದೆ ಗಾಡಿ ಬಿಡುತ್ತಿರಲಿಲ್ಲ. ನನಗೆ ಮೀಟರು ಬಂದಾಗ ತುಂಬ ಖುಷಿಯಾಯಿತು, ಯಾಕೆಂದರೆ ಅದು ನನ್ನನ್ನು ಬೈಯುತ್ತಿರಲಿಲ್ಲ.

ಹೊಸ ರಸ್ತೆ ಬಂದು ಬೆಂಗಳೂರು, ಮೈಸೂರಿನ ಗಾಡಿಗಳೆಲ್ಲ ಊರ ತಲೆಯ ಮೇಲಿಂದ ಹಾರಿಹೋಗಲು ಶುರುವಾದ ಮೇಲೆ ನಮ್ಮ ಅಂಗಡಿ ಮುಂದೆ ಕೆಟ್ಟು ನಿಲ್ಲುವವರೇ ಇಲ್ಲವಾದರು. ಹಾಗಾಗಿ ಬಂದ ಕೆಲಸ ಬಿಡಬಾರದು ಎನ್ನುವ ಕಾಲ. ಆ ಕಾಲದಲ್ಲೇ ಬಂದವಳು ಸಾಕಕ್ಕ.

ಸಾಕಕ್ಕ ಇಲ್ಲೇ ಹತ್ತಿರದ ಕೊಪ್ಪದವಳು, ಐವತ್ತರ ಆಸುಪಾಸು. ಅಪ್ಪನಿಂದ ಬಂದ ಹಳೇ ಜೀಪನ್ನು ತಾನೇ ಓಡಿಸುತ್ತಾಳೆ. ಅವತ್ತು ಅದಕ್ಕೆ ಹೊಸದಾಗಿ ಹಸಿರು ಬಣ್ಣ ಬಳಿಸಿಕೊಂಡು ಬಂದಿದ್ದಳು. ಬಣ್ಣ ಎಷ್ಟು ದಪ್ಪವಾಗಿತ್ತೆಂದರೆ ಕೆಳಗಿನ ತಗಡು ಇಲ್ಲದಿದ್ದರೂ ಜೀಪು ನಿಲ್ಲುತ್ತಿತ್ತು. ಹಿಂದಿನ ಸೀಟಿನಲ್ಲಿ ಗೋಣಿಚೀಲ ಸುತ್ತಿದ ಒಂದು ಯಂತ್ರ.

"ಏನಕ್ಕ ಇದು?" ಎಂದೆ.

"ವಿಂಚು ಕಣ್ಲಾ. ಮಳವಳ್ಳಿ ತಾವ ಗುಡ್ಡಕ್ಕೆ ಜೀಪ್ ಅತ್ಸೋ ಉಡುಗ್ರು ಮಾರ್ತಿದ್ರು, ತಕ್ಕಂಡೆ. ಇದ್ನ ಮುಂದಕ್ಕೆ ಕೂರಿಸ್ಬೇಕು. ಅಗ್ಗ ಸುತ್ಕಂಡು ಎಂತಾ ಗಾಡೀನೂ ಎಳ್ದಾಕ್ತದಂತೆ."

"ಯಾವ ಗಾಡಿ ಎಳೀಬೇಕು?"

ಆಗ ಕಥೆ ಹೊರಗೆ ಬಂತು. ಜೀಪು ನಿಲ್ಲುವ ಜಾಗದಲ್ಲಿ ಅವಳ ತಮ್ಮ ಚಿಕ್ಕಣ್ಣನಿಗೆ ಟ್ರ್ಯಾಕ್ಟರ್ ಶೆಡ್ಡು ಕಟ್ಟಬೇಕಾಗಿತ್ತು. ಹಳೇ ತಗಡು ಗುಜರಿಗೆ ಹಾಕು ಎಂದು ವರ್ಷದಿಂದ ಅವಳ ಹಿಂದೆ ಬಿದ್ದಿದ್ದ. ಅಷ್ಟರಲ್ಲಿ ಅವನ ಕಬ್ಬಿನ ಟ್ರೇಲರ್ರೇ ನಾಲೆ ಕೆಳಗಿನ ಗದ್ದೆಯಲ್ಲಿ ಅಚ್ಚಿನವರೆಗೂ ಹೂತುಹೋಯಿತು. ಕಬ್ಬು ಇಳಿಸಿದರೂ ಅಲುಗಲಿಲ್ಲ, ಟ್ರ್ಯಾಕ್ಟರಿನಲ್ಲಿ ಎಳೆಯಲು ಹೋದರೆ ಟ್ರ್ಯಾಕ್ಟರೂ ಹೂತುಕೊಳ್ಳುತ್ತಿತ್ತು. ಸಾಕಕ್ಕ, "ನನ್ ಜೀಪಲ್ಲಿ ಎಳ್ದು ತೋರುಸ್ತೀನಿ" ಎಂದುಬಿಟ್ಟಳು. ಚಿಕ್ಕಣ್ಣ ಊರವರ ಮುಂದೆಯೇ ಮಾತು ಕಟ್ಟಿದ: ಟ್ರೇಲರ್ ಮೇಲೆ ಬಂದರೆ ಜೀಪು ಸಾಯೋವರೆಗೂ ಅಲ್ಲೇ ಇರಲಿ, ಬರದಿದ್ದರೆ ಶುಕ್ರವಾರ ಮಂಡ್ಯದ ಗುಜರಿಯವನು ಬಂದು ತುಂಬಿಕೊಂಡು ಹೋಗುತ್ತಾನೆ.

"ಓದ್ರೆ ಓಗ್ಲಿ ಬುಡಕ್ಕ, ಒಂದು ಸ್ಕೂಟಿ ತಕ್ಕೊ" ಎಂದೆ ನಾನು, ತಮಾಷೆಗೆ.

ಅವಳು ನಗಲಿಲ್ಲ. "ನಮ್ಮಪ್ಪ ನನ್ಗೆ ಡ್ರೈವಿಂಗು ಕಲ್ಸುದ್ದು ಇದ್ರಲ್ಲೆ. ನಮ್ ಬೀದೀಲಿ ಯಾರ್ಗೆ ಉಸಾರಿಲ್ದಿದ್ರೂ ಮಂಡ್ಯಕ್ಕೆ ಕರ್ಕೊಂಡೋಗದು ನಾನೆಯಾ. ಇದು ಓದ್ರೆ ಸಂತೆಗೆ ಓಗಕ್ಕೂ ಇನ್ನೊಬ್ರು ಬೈಕಿನ ಇಂದೆ ಕೂರ್ಬೇಕು. ಇದು ನನ್ ಕಾಲು ಕಣ್ಲಾ. ಕಾಲ್ನ ಗುಜರಿಗಾಕ್ತಾರಾ?"

ಬೋರಣ್ಣ ಒಂದು ಮದುವೆಗೆ ಹೊರಟಿದ್ದ. ಹೋಗುವಾಗ ನನ್ನ ಮುಖ ನೋಡಿ, "ವೈರು ನೋಡ್ಕಂಡು ತಕ್ಕೊಳ್ಲಾ" ಎಂದಷ್ಟೇ ಹೇಳಿದ. ಏನು ನೋಡಿಕೊಂಡು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಗ ನಾನು ಸೀನಿಯರ್ ಆಗಿದ್ದೆ.

ವಿಂಚಿನ ಮೋಟಾರಿನ ಮೇಲೆ ಐದೂವರೆ ಎಚ್‌ಪಿ ಎಂದು ಬರೆದಿತ್ತು. ಅದನ್ನು ಓದಿದ ತಕ್ಷಣ ನನ್ನ ಮುಖ ಅರಳಿತು. ನಮ್ಮ ಕಡೆ ಹುಟ್ಟಿದವನಿಗೆ ಎಚ್‌ಪಿ ಹೇಳಿಕೊಡಬೇಕೆ? ತೊಟ್ಟಿಲಲ್ಲಿರುವಾಗಲೇ ಐದು ಎಚ್‌ಪಿ, ಏಳೂವರೆ ಎಚ್‌ಪಿ ಎಂದು ಕೇಳಿ ಬೆಳೆದವರು ನಾವು. ಐದು ಎಚ್‌ಪಿ ಮೋಟಾರು ಆಳದ ಬೋರ್‌ವೆಲ್ಲಿನ ತಳದಲ್ಲಿ ಕೂತು ನೀರೆತ್ತುತ್ತದೆ. ಅದಕ್ಕೆ ಹೋಗುವುದು ಬೆರಳಿಗಿಂತ ಸಣ್ಣ ಎಳೆಗಳ ಚಪ್ಪಟೆ ವೈರು. ಇಲ್ಲಿ ಬ್ಯಾಟರಿಯಿಂದ ಬಂಪರಿಗೆ ನನ್ನ ಎರಡು ತೋಳಿನಷ್ಟು ದೂರ. ಅದೇ ವೈರು ಸಾಕು, ಸಾಕಾಗಿ ಮಿಗುತ್ತದೆ!

ಮಂಡ್ಯಕ್ಕೆ ಹೋಗಿ ಪಂಪ್‌ಸೆಟ್ಟಿನ ಅಂಗಡಿಯಲ್ಲಿ ಒಳ್ಳೇ ಮೋಟಾರು ವೈರನ್ನೇ ತಂದೆ. ಅದರೊಳಗಿನ ಮೂರೂ ಎಳೆಗಳನ್ನು ಒಟ್ಟಿಗೆ ಹೊಸೆದು ಒಂದು ಮಾಡಿದೆ, ಸಾಕಕ್ಕನಿಗೆ ಮೂರು ಪಟ್ಟು ಗಟ್ಟಿ ಇರಲಿ ಎಂದು. ತುದಿಗೆ ಲಗ್ಗು, ಅಂದರೆ ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ, ಹಾಕಿ ಸುತ್ತಿಗೆಯಲ್ಲಿ ಚಚ್ಚಿದೆ. ಇನ್ನೂ ಒಂದು ಜಾಣತನ ಮಾಡಿದೆ. ಬೋರ್‌ವೆಲ್ಲಿನಲ್ಲಿ ನೀರು ಕೆಳಗಿಳಿದರೆ ಮೋಟಾರನ್ನೂ ಕೆಳಕ್ಕೆ ಬಿಡಬೇಕಾಗುತ್ತದೆ, ಅದಕ್ಕೆ ಸ್ಟಾರ್ಟರ್ ಡಬ್ಬಿ ಪಕ್ಕ ಒಂದು ಸಿಂಬಿ ವೈರು ಹೆಚ್ಚಿಗೆ ಬಿಟ್ಟಿರುತ್ತಾರೆ. ನಾನೂ ಬಾನೆಟ್ಟಿನೊಳಗೆ ಅಂದವಾಗಿ ಒಂದು ಸಿಂಬಿ ಸುತ್ತಿ ಕಟ್ಟಿದೆ. ಸಾಕಕ್ಕ ಯಾಕೆ ಎಂದು ಕೇಳಿದಾಗ, "ಮುಂದೆ ಬೇಕಾಯ್ತದಕ್ಕ" ಎಂದೆ. ವಿಂಚು ಬಂಪರಿನಿಂದ ಇಳಿದು ಯಾವ ಬೋರ್‌ವೆಲ್ಲಿಗೆ ಹೋಗುತ್ತದೆ ಎಂದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಮಾರನೆಯ ದಿನ ಕೊಪ್ಪದ ನಾಲೆ ಏರಿಯ ಮೇಲೆ ಊರೇ ಸೇರಿತ್ತು. ಜೀಪನ್ನು ನಿಲ್ಲಿಸಿ, ಹಿಂದಿನಿಂದ ಬೇವಿನ ಮರಕ್ಕೆ ಸರಪಳಿ ಹಾಕಿ, ವಿಂಚಿನ ಹಗ್ಗ ಎಳೆದು ಟ್ರೇಲರ್ರಿಗೆ ಕಟ್ಟಿದೆವು. ನಾನು ರಿಬ್ಬನ್ ಕತ್ತರಿಸುವ ಮಂತ್ರಿಯ ಹಾಗೆ ಸ್ವಿಚ್ ಒತ್ತಿದೆ.

ಹಗ್ಗ ಬಿಗಿಯಿತು. ಟ್ರೇಲರ್ ಒಂದು ಸಲ ನರಳಿತು. ಜನ "ಓ" ಎಂದರು. ಅದು ಟ್ರೇಲರ್ ಬರುತ್ತಿರುವುದಕ್ಕೆ ಎಂದುಕೊಂಡೆ. ಅಲ್ಲ, ಬಾನೆಟ್ಟಿನ ಸಂದಿಯಿಂದ ಹೊಗೆ ಬರುತ್ತಿತ್ತು. ಮೊದಲು ಊದುಬತ್ತಿಯಷ್ಟು, ಆಮೇಲೆ ಬೆಲ್ಲದ ಆಲೆಮನೆಯಷ್ಟು. ನಾನು ಪ್ರೀತಿಯಿಂದ ಕಟ್ಟಿದ್ದ ಸಿಂಬಿ ಕರಗಿ ಮೇಣದ ಹಾಗೆ ತೊಟ್ಟಿಕ್ಕುತ್ತಿತ್ತು. ಬ್ಯಾಟರಿಯ ವೈರು ಬಿಚ್ಚಲು ಹೋಗಿ ಬೆರಳು ಸುಟ್ಟುಕೊಂಡೆ. ಕುಣಿದೆ. ಜನ ಅದಕ್ಕೂ "ಓ" ಎಂದರು. ಸಾಕಕ್ಕ ಕೊನೆಗೆ ಸೆರಗು ಸುತ್ತಿದ ಸ್ಪ್ಯಾನರಿನಿಂದ ಬ್ಯಾಟರಿ ಬಿಡಿಸಿದಳು. ಜೀಪು ಉಳಿಯಿತು, ನನ್ನ ಹೆಸರು ಸುಟ್ಟಿತು. ಅವತ್ತಿನಿಂದ ನಾನು ಆ ಸೀಮೆಗೆಲ್ಲ ಹೊಗೆ ಮಾದ.

ಚಿಕ್ಕಣ್ಣ ಏರಿಯ ಮೇಲಿಂದಲೇ ಕೂಗಿದ: "ಅಕ್ಕೋ, ಟ್ರೇಲರ್ ಬರ್ಲಿಲ್ಲ ಅಂದ್ರೂ ಸೊಳ್ಳೆ ಎಲ್ಲಾ ಓದೋ ಕಣವ್ವ!"

ಸಾಕಕ್ಕ ಜೀಪಿನ ಸುಟ್ಟ ಬಣ್ಣವನ್ನು ಕೈಯಲ್ಲಿ ಸವರಿ, "ಸುಕ್ರವಾರಕ್ಕೆ ಇನ್ನೂ ಟೇಮದೆ, ನಡಿ" ಎಂದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬೈಯುವ ಕೆಲಸವನ್ನು ಬೋರಣ್ಣ ವಹಿಸಿಕೊಂಡ. "ಮಾದ, ಪಂಪ್‌ಸೆಟ್ಟಿಗೆ ಎಷ್ಟು ವೋಲ್ಟು ಬತ್ತದೆ?"

"ನಾನೂರು ಚಿಲ್ರೆ."

"ಬ್ಯಾಟ್ರಿ?"

"ಹನ್ನೆರಡು," ಎಂದವನಿಗೆ ಅರ್ಧ ಅರ್ಥವಾಗಿ ಅರ್ಧ ನಾಚಿಕೆಯಾಯಿತು.

"ಕೆಲ್ಸ ಒಂದೇ ಕಣ್ಲಾ, ಐದೂವರೆ ಎಚ್‌ಪಿ. ವೋಲ್ಟು ಕಮ್ಮಿ ಆದಷ್ಟೂ ಆಂಪ್ಸು ಜಾಸ್ತಿ ಅರೀಬೇಕು. ಪಂಪ್‌ಸೆಟ್ಟು ಎಂಟೊಂಬತ್ತು ಆಂಪ್ಸಲ್ಲಿ ಮುಗಿಸ್ತದೆ. ಈ ನನ್ಮಗಂದು ಪೂರಾ ಲೋಡಲ್ಲಿ ನಾನೂರು ಆಂಪ್ಸು ಕುಡೀತದೆ. ನಾನೂರು! ನೀನು ಅದ್ಕೆ ಮೋಟ್ರು ವೈರಾಕಿ ಸಿಂಬೀನೂ ಸುತ್ತಿದ್ದೀಯ. ಯಾಕ್ಲಾ ಸಿಂಬಿ? ಒಲೆ ಮಾಡಕ್ಕಾ?"

ಸಾಕಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಬೋರಣ್ಣ ಅವಳ ಕಡೆ ತಿರುಗಿದ. "ಈಗ ನೋಡಕ್ಕ, ಮೇಲಿನ ಟ್ಯಾಂಕಿಂದ ಸಣ್ಣ ಪೈಪಲ್ಲಿ ಬುಟ್ರೂ ನೀರು ಎಂಗೆ ನುಗ್ತದೆ? ಅದೇ ನೀರ್ನ ಸಮತಟ್ಟು ಗದ್ದೇಲಿ ಆ ಕಡೇಗೆ ಓಡಿಸ್ಬೇಕು ಅಂದ್ರೆ?"

"ಕಾಲ್ವೆ ಅಗಲ ಮಾಡ್ಬೇಕು," ಎಂದಳು ಸಾಕಕ್ಕ. "ಸಣ್ಣ ಕಾಲ್ವೇಲಿ ಬುಟ್ರೆ ದಡ ಒಡೀತದೆ. ಉದ್ದ ಆದಷ್ಟೂ ಕೊನೆ ಗದ್ದೆಗೆ ನೀರು ತಲ್ಪಲ್ಲ. ನೀರು ಕಟ್ಟೋಳ್ಗೆ ಇದ್ನ ಯೋಳ್ಕೊಡ್ಬೇಕಾ? ಈ ಮಾದ ಮೊದ್ಲೇ ನನ್ ಕೇಳಿದ್ರೆ ಯೋಳ್ತಿದ್ದೆ."

ಹೊಸಬರಿಗೆ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ವೈರನ್ನು ಎಚ್‌ಪಿ ನೋಡಿ ತರಬೇಡಿ, ಆಂಪ್ಸ್ ನೋಡಿ ತನ್ನಿ. ದೂರ ಅಳೆಯುವಾಗ ಹೋಗುವ ವೈರು, ವಾಪಸು ಬರುವ ವೈರು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಸಿಂಬಿ ಸುತ್ತಬೇಡಿ, ಅದನ್ನು ನೀರು ಹೊರುವವರ ತಲೆಗೆ ಬಿಡಿ.

ಮತ್ತೆ ಮಂಡ್ಯಕ್ಕೆ ಹೋದೆ. ಈ ಸಲ ಸಾಕಕ್ಕನೂ ಬಂದಳು, ನನ್ನ ಮೇಲಿನ ನಂಬಿಕೆಯಿಂದ. ವಿಂಚಿನ ಜೊತೆ ಬಂದ ಹಾಳೆಯನ್ನು ಬೋರಣ್ಣ ಓದಿ ಐವತ್ತು ಸ್ಕ್ವೇರ್ ಎಂಎಂ ತಾಮ್ರ ಎಂದು ಕಳಿಸಿದ್ದ. ಅಂಗಡಿಯವನು ಹೆಬ್ಬೆರಳಿಗಿಂತ ದಪ್ಪದ ಒಂದು ಕೇಬಲ್ಲು ಮುಂದಿಟ್ಟ. ಕಡಿಮೆ ಬೆಲೆ, ಹೊಳಪು ಬೇರೆ. ನಾನು ಕೈ ಹಾಕುವಷ್ಟರಲ್ಲಿ ಸುಟ್ಟ ಬೆರಳು ಚುರ್ ಎಂದಿತು. ಬ್ಲೇಡು ಕೇಳಿ ತುದಿ ಕತ್ತರಿಸಿದೆ. ದಪ್ಪವೆಲ್ಲ ಮೇಲಿನ ರಬ್ಬರಿನದು, ಒಳಗೆ ಎಳೆ ಕಡಿಮೆ. ಆ ಎಳೆಯನ್ನೂ ಕೆರೆದರೆ ತಾಮ್ರ ಬರೀ ಮೇಲಿನ ಬಳಿತ, ಒಳಗೆ ಬೆಳ್ಳಗೆ ಅಲ್ಯುಮಿನಿಯಮ್.

ಸಾಕಕ್ಕ ಅದನ್ನು ಕೈಗೆ ತಗೊಂಡು ನೋಡಿದಳು. "ಚಳಿಗಾಲ್ದಲ್ಲಿ ಸ್ವೆಟ್ರು ಆಕ್ಕಂಡ ಸಣಕಲ ಇದ್ದಂಗದೆ," ಎಂದು ಅಂಗಡಿಯವನಿಗೆ ವಾಪಸು ಕೊಟ್ಟಳು. ಅವನು ನಕ್ಕು, ಒಳಗಿಂದ ಕೂದಲಿನಂಥ ಸಣ್ಣ ತಾಮ್ರದ ಎಳೆಗಳು ಸಾವಿರಾರು ಸೇರಿದ ವೆಲ್ಡಿಂಗ್ ಕೇಬಲ್ ತಂದ. ಬಾಗಿಸಿದರೆ ಬಾಗುತ್ತದೆ, ಜೀಪು ಕುಲುಕಿದರೂ ಮುರಿಯುವುದಿಲ್ಲ. ನನ್ನ ವೃತ್ತಿಜೀವನದಲ್ಲಿ ನಾನು ಸರಿಯಾಗಿ ಆರಿಸಿದ ಮೊದಲ ವಸ್ತು ಅದು. ಎರಡನೆಯದು ಹೆಂಡತಿ. ಅವಳು ನನ್ನನ್ನು ಆರಿಸಿದ್ದು ಅವಳ ತಪ್ಪುಗಳ ಲೆಕ್ಕಕ್ಕೆ.

ಈ ಸಲ ಲಗ್ಗನ್ನು ಚಚ್ಚಲಿಲ್ಲ, ಲಾರಿ ಗ್ಯಾರೇಜಿನಿಂದ ಕ್ರಿಂಪಿಂಗ್ ಟೂಲು ತಂದು ಒತ್ತಿಸಿದೆ. ಕೇಬಲ್ಲನ್ನು ಸೈಲೆನ್ಸರಿನಿಂದ ದೂರಕ್ಕೆ ಒಯ್ದೆ, ತಗಡಿನ ತೂತಿಗೆ ರಬ್ಬರ್ ಹಾಕಿದೆ, ಮಧ್ಯೆ ಒಂದು ದೊಡ್ಡ ಕಟಾಫ್ ಸ್ವಿಚ್ಚು. ಕೇಬಲ್ಲು ದುಬಾರಿ ಎಂದು ಒಂದೇ ಕಡೆಗೆ, ಪ್ಲಸ್ಸಿಗೆ ಮಾತ್ರ, ತಂದಿದ್ದೆ. ಮೈನಸ್ಸಿಗೆ, ಅಂದರೆ ಕರೆಂಟು ವಾಪಸು ಬರಲು, ಜೀಪಿನ ಬಾಡಿ ಇದೆಯಲ್ಲ! ಲೈಟು, ಹಾರನ್ನು ಎಲ್ಲ ಬಾಡಿ ಅರ್ತಿನಲ್ಲೇ ನಡೆಯುವಾಗ ವಿಂಚೇನು ಮೇಲಿಂದ ಇಳಿದುಬಂದಿದೆಯೇ? ಬಂಪರಿನ ಒಂದು ಬೋಲ್ಟಿಗೆ ಗಿಡ್ಡ ತುಂಡು ಬಿಗಿದೆ. ಕೆಳಗೆ ಸಾಕಕ್ಕನ ಹಸಿರು ಬಣ್ಣ ದಪ್ಪಗೆ ಕೂತಿತ್ತು.

ಗುರುವಾರ ಎರಡನೇ ಸಲ ನಾಲೆ ಏರಿಗೆ ಹೋದೆವು. ಹೊಗೆ ಬರಲಿಲ್ಲ. ಟ್ರೇಲರ್ರೂ ಬರಲಿಲ್ಲ. ವಿಂಚು ನಿದ್ದೆಯಲ್ಲಿ ಗೊರಕೆ ಹೊಡೆಯುವವನ ಹಾಗೆ ಸದ್ದು ಮಾಡಿ ನಿಂತುಬಿಟ್ಟಿತು. ಮೀಟರು ಹಿಡಿದರೆ ಬ್ಯಾಟರಿಯಲ್ಲಿ ಹನ್ನೆರಡು, ವಿಂಚಿನಲ್ಲಿ ಅರ್ಧವೂ ಇಲ್ಲ. ಬಂಪರಿನ ಬೋಲ್ಟು ಮುಟ್ಟಿದೆ, ಕೈ ಹಾರಿತು.

"ಅರ್ತು ಸಿಗ್ತಾ ಇಲ್ಲ," ಎಂದೆ ಜೋರಾಗಿ.

ಆ ಮಾತು ಹೇಳಬಾರದಿತ್ತು. ನಮ್ಮ ಕಡೆ ಅರ್ತು ಎಂದರೆ ಪಂಪ್‌ಹೌಸಿನ ಪಕ್ಕದ ಗುಂಡಿ. ಇದ್ದಿಲು, ಉಪ್ಪು ಹಾಕಿ ಸಲಾಕೆ ಹೂತಿರುತ್ತಾರೆ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಉಪ್ಪುನೀರು ಹುಯ್ಯುತ್ತಾರೆ, ಅರ್ತು ಸಿಗುತ್ತದೆ. ನಾನು ಅರ್ತು ಎಂದ ತಕ್ಷಣ ಗುಂಪಿನಿಂದ ಒಬ್ಬ ಮುದುಕ, "ಲೇ, ಉಪ್ಪುನೀರ್ ತಕ್ಕಬನ್ನಿ" ಎಂದ. ಯಾರೋ ಓಡಿ ಬಿಂದಿಗೆ ತಂದೇಬಿಟ್ಟರು.

ಇಲ್ಲಿ ನಾನು ತಡೆಯಬೇಕಿತ್ತು. ಆದರೆ ಊರಿನವರೆಲ್ಲ ಅಷ್ಟು ಭರವಸೆಯಿಂದ ನೋಡುತ್ತಿರುವಾಗ ನನಗೂ, ಇದ್ದರೂ ಇರಬಹುದು ಅನ್ನಿಸಿತು. "ಊಂ, ಒಂದ್ ಚೂರು ಉಯ್ಯಿ" ಎಂದೆ. ಚೂರೆಂದರೆ ಬಿಂದಿಗೆ ಪೂರ್ತಿ. ಬಂಪರು, ವಿಂಚು, ನನ್ನ ಪ್ಯಾಂಟು ಎಲ್ಲಕ್ಕೂ ಅಭಿಷೇಕವಾಯಿತು. ಸ್ವಿಚ್ ಒತ್ತಿದೆ. ಅದೇ ಗೊರಕೆ.

"ಇನ್ನೊಂದ್ ಬಿಂದ್ಗೆ ತರ್ಲಾ?" ಎಂದ ಮುದುಕ.

"ಜೀಪ್ನ ಉಪ್ಪಿನ್ಕಾಯಿ ಆಕ್ತಿದ್ದೀರೇನ್ಲಾ?" ಎಂದ ಚಿಕ್ಕಣ್ಣ. "ಬುಡಕ್ಕ ಸಾಕು. ನಾಳೀಕೆ ಗುಜರಿಯೋನು ಬತ್ತಾನೆ."

ಬೋರಣ್ಣನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಉಪ್ಪುನೀರಿನ ಭಾಗ ಬಂದಾಗ ಫೋನನ್ನು ಕಿವಿಯಿಂದ ದೂರ ಹಿಡಿದೆ. ಆದರೆ ಮೊಟ್ಟಮೊದಲ ಬಾರಿಗೆ ಅವನು ಕೂಗಲಿಲ್ಲ. ಮೆಲ್ಲಗೆ, "ಓದಷ್ಟೇ ಕರೆಂಟು ವಾಪ್ಸು ಬರ್ಬೇಕಲ್ಲಾ ಮಾದ? ಓಗಕ್ಕೆ ನಾಲೆ ಮಾಡಿ, ಬರಕ್ಕೆ ಬಣ್ಣ ಬಳ್ದಿರೋ ಗೋಡೆ ಮಡಗಿದ್ಯಾ?" ಎಂದ.

ಅದನ್ನು ಸಾಕಕ್ಕನಿಗೆ ಹೇಳಿದೆ. ಅವಳು ನನ್ನನ್ನು ಕೂರಿಸಿಕೊಂಡು ಸೀದಾ ಮಂಡ್ಯಕ್ಕೆ ಗಾಡಿ ತಿರುಗಿಸಿದಳು. ದಾರಿಯುದ್ದಕ್ಕೂ ಒಂದೇ ಮಾತು: "ಇನ್ನೇನಾರಾ ಮರ್ತಿದ್ರೆ ಈಗ್ಲೇ ಯೋಳ್ಬುಡು ಮಗ. ನಾಳೀಕೆ ಮರೀಬ್ಯಾಡ." ಮೈನಸ್ಸಿಗೂ ಅದೇ ಕೇಬಲ್ಲು ತಂದು ವಿಂಚಿನಿಂದ ನೇರ ಬ್ಯಾಟರಿಗೇ ಕೊಟ್ಟೆ. ಸುಸ್ತಾದ ಬ್ಯಾಟರಿಯನ್ನು ತೆಗೆದು, ಬೋರಣ್ಣ ತನ್ನ ಅಂಗಡಿಯ ದೊಡ್ಡ ಬ್ಯಾಟರಿ ಕೂರಿಸಿದ. ಉಪ್ಪನ್ನು ಒಳ್ಳೇ ನೀರಿನಲ್ಲಿ ಮೂರು ಸಲ ತೊಳೆದವನು ನಾನೇ.

ಶುಕ್ರವಾರ ಬೆಳಿಗ್ಗೆ ಬೋರಣ್ಣನನ್ನೂ ಕೂರಿಸಿಕೊಂಡು ಹೊರಟೆವು. ನಾಲೆ ಏರಿಗೆ ಬಂದರೆ ಮುಂದೆ ದಾರಿಯೇ ಇಲ್ಲ. ಗುಜರಿಯವನ ಕ್ಯಾಂಟರ್ ನಮಗಿಂತ ಮೊದಲೇ ಬಂದಿತ್ತು. ಎದುರಿಗೆ ಬಂದ ಹಾಲಿನ ಗಾಡಿಗೆ ಜಾಗ ಕೊಡಲು ಹೋಗಿ ಎಡಗಡೆಯ ಚಕ್ರಗಳೆರಡೂ ಏರಿಯ ಮೆತ್ತನೆ ಮಣ್ಣಿನಲ್ಲಿ ಇಳಿದಿದ್ದವು. ಇನ್ನೊಂದು ಗೇಣು ವಾಲಿದರೆ ನಾಲೆಗೇ. ಗುಜರಿಯವನು ಹೊರಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಚಿಕ್ಕಣ್ಣ.

ಸಾಕಕ್ಕ ಜೀಪಿನಿಂದ ತಲೆ ಹೊರಗೆ ಹಾಕಿದಳು. "ಏನಪ್ಪಾ, ಜೀಪ್ ತುಂಬ್ಕೊಂಡೋಗಕ್ಕೆ ಬಂದ್ಯಾ?"

"ಊಂ ಕಣಮ್ಮ," ಎಂದ ಅವನು, ನೆಲ ನೋಡುತ್ತಾ.

"ತಡಿ, ನಿನ್ನ ಎತ್ಕೊಡ್ತೀನಿ. ಆಮ್ಯಾಕೆ ನೀನು ನನ್ನ ಎತ್ತು."

ಜೀಪನ್ನು ಹಿಂದಿನ ಮರಕ್ಕೆ ಸರಪಳಿಯಲ್ಲಿ ಕಟ್ಟಿದೆವು. ಕ್ಯಾಂಟರಿಗೆ ಹಗ್ಗ ಸಿಕ್ಕಿಸಿ, ಹಗ್ಗ ತುಂಡಾದರೂ ಹಾರದಿರಲಿ ಎಂದು ಒದ್ದೆ ಗೋಣಿಚೀಲ ಹೊದಿಸಿ, ಜನರನ್ನು ದೂರ ನಿಲ್ಲಿಸಿದೆವು. ಇಂಜಿನ್ ಚಾಲೂ ಇಟ್ಟು ಸಾಕಕ್ಕನೇ ಸ್ವಿಚ್ ಹಿಡಿದಳು. ನಾನು ಬಾನೆಟ್ ಎತ್ತಿ, ಎರಡು ಕಪ್ಪು ಕೇಬಲ್ಲುಗಳನ್ನೇ ನೋಡುತ್ತಾ ನಿಂತೆ.

ವಿಂಚು ಗುಂಯ್ ಎಂದಿತು. ಹಗ್ಗ ಬಿಗಿಯಿತು. ಕ್ಯಾಂಟರ್ ಒಂದಿಷ್ಟು ಅಲುಗಿ ಮತ್ತೆ ಕೂತಿತು. ಚಿಕ್ಕಣ್ಣ ಬಾಯಿ ತೆಗೆದ. ಸಾಕಕ್ಕ ಸ್ವಿಚ್ಚಿನಿಂದ ಕೈ ತೆಗೆದು, ಸ್ವಲ್ಪ ತಡೆದು, ಮತ್ತೆ ಒತ್ತಿದಳು. ಮಣ್ಣು ಚಪ್ ಎಂದು ಬಾಯಿ ಬಿಟ್ಟಿತು. ಚಕ್ರ ಮೇಲೆ ಬಂತು, ಅದರ ಹಿಂದೆ ಇನ್ನೊಂದು. ಕ್ಯಾಂಟರ್ ಎಮ್ಮೆ ಕೆರೆಯಿಂದ ಏಳುವ ಹಾಗೆ, ಯಾವ ಅವಸರವೂ ಇಲ್ಲದೆ, ಏರಿಯ ಮೇಲೆ ನಿಂತಿತು.

ಬೋರಣ್ಣ ಬಂದು ಕೇಬಲ್ಲಿನ ಮೇಲೆ ಮುಂಗೈ ಇಟ್ಟ. ಕೈ ಹಾರಲಿಲ್ಲ. ನನ್ನ ಕೈ ಎಳೆದು ಅಲ್ಲೇ ಇಟ್ಟ. ಆಗತಾನೇ ಕರೆದ ಹಾಲಿನ ಚೊಂಬಿನಷ್ಟು ಬೆಚ್ಚಗಿತ್ತು.

ಅದಾದ ಮೇಲೆ ಟ್ರೇಲರ್ರನ್ನು ಎಳೆದದ್ದು ಲೆಕ್ಕಕ್ಕೇ ಬರಲಿಲ್ಲ, ನಡುನಡುವೆ ವಿಂಚಿಗೆ ಆರಲು ಬಿಟ್ಟು ಊಟಕ್ಕೆ ಮೊದಲೇ ಮುಗಿಸಿದೆವು. ಗುಜರಿಯವನು ಖಾಲಿ ಗಾಡಿ ತಿರುಗಿಸಿಕೊಳ್ಳುವಾಗ ಚಿಕ್ಕಣ್ಣ ಅಕ್ಕನ ಹತ್ತಿರ ಬಂದು ನಿಂತ. ಜೀಪಿನ ಅಗಲವನ್ನು ಕಣ್ಣಲ್ಲೇ ಅಳೆದ. "ಶೆಡ್ಡನ್ನ ಒಸಿ ಅಗಲವಾಗಿ ಕಟ್ಟಿದ್ರೆ ಎಲ್ಡೂ ಇಡೀತವೆ ಕಣಕ್ಕ," ಎಂದ.

"ಕಟ್ಟು. ಕರೆಂಟಿಗೆ ಮಾತ್ರ ಇವನ್ನ ಕರೀಬ್ಯಾಡ," ಎಂದಳು ಸಾಕಕ್ಕ.

ಊರವರು ಮಾತ್ರ ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ಉಪ್ಪುನೀರಿನ ಮುದುಕ ಬಾನೆಟ್ಟಿನೊಳಗೆ ಬಗ್ಗಿ ಬಗ್ಗಿ ನೋಡಿ, ಕೊನೆಗೆ ನನ್ನನ್ನೇ ಕೇಳಿದ: "ಏನ್ಲಾ ಮಾದ, ಈವತ್ತು ಒಗೆ ಇಲ್ವಾ? ನೋಡ್ಲಿ ಅಂತ ಪಕ್ಕದಳ್ಳಿಯಿಂದ ನೆಂಟ್ರನ್ನೆಲ್ಲಾ ಕರ್ಕಬಂದಿದ್ನಲ್ಲಾ."